ಹಳೇ ಜೀನ್ಸು, ಹೊಸ ಜಿಪ್ಪು

– ಮಾಸ್ಟ್ರೇ, ಈ ಗಂಟಿನಲ್ಲಿರೋದೆಲ್ಲ ಹಳೇ ಬಟ್ಟೆ. ಜೀನ್ಸಿದೆ, ಶರ್ಟಿದೆ, ನಮ್ಮಮ್ಮನ ಎರಡು ರೇಷ್ಮೆ ಸೀರೆ ಇದೆ. ಇದರಲ್ಲಿ ಪೌಚ್ ಹೊಲಿದುಕೊಡಬೇಕು. ದಿನಾ ಕೈಯಲ್ಲಿ ಹಿಡಿದು ಓಡಾಡೋ ಅಂಥದ್ದು. ನೋಡೋಕೂ ಸ್ಟೈಲಾಗಿರಬೇಕು.

– ಎಷ್ಟು ಪೀಸು?

– ಮೊದಲು ನಾಲ್ಕೈದು ಮಾಡಿ ನೋಡೋಣ. ಚೆನ್ನಾಗಿ ಬಂದರೆ ಮುಂದೆ. ನಾವು ಗೆಳತಿಯರು ಸೇರಿ ಭಾನುವಾರದ ಸಂತೆಯಲ್ಲಿ ಮಾರೋಣ ಅಂತಿದ್ದೀವಿ. ಬಟ್ಟೆ ಹೇಗೂ ಪುಕ್ಕಟೆ, ಹೊಲಿಗೆ ಮಾತ್ರ ನಿಮ್ಮದು. ಪೀಸಿಗೆ 60 ರೂಪಾಯಿ ಕೊಡ್ತೀವಿ.

– ಕೂತ್ಕೊಳ್ಳಿ ಮೇಡಂ. ಅರವತ್ತರ ಮಾತು ಆಮೇಲೆ ಆಡೋಣ. ಮೊದಲು ಗಂಟು ಬಿಚ್ಚಿ. ಈ ಜೀನ್ಸ್ ಯಾರದ್ದು?

– ನನ್ನ ತಮ್ಮನದು. ಯಾಕೆ?

– ಬೈಕ್ ಜಾಸ್ತಿ ಓಡಿಸ್ತಾರೆ ಅನ್ಸುತ್ತೆ. ನೋಡಿ, ತೊಡೆ ಸಂದಿಯಲ್ಲಿ ಬಟ್ಟೆ ಜಾಳಾಗಿದೆ, ಬೆಳಕಿಗೆ ಹಿಡಿದರೆ ಈಚೆಯಿಂದ ಆಚೆ ಕಾಣುತ್ತೆ. ಮಂಡಿ ಹತ್ತಿರ ಉಬ್ಬಿಬಿಟ್ಟಿದೆ, ಎಷ್ಟು ಇಸ್ತ್ರಿ ಹಾಕಿದರೂ ಕೂರಲ್ಲ. ಇದರಲ್ಲಿ ನಮಗೆ ದಕ್ಕೋದು ಮಂಡಿಯಿಂದ ಕೆಳಗಿನ ಭಾಗ, ಹಿಂದಿನ ಜೇಬು, ಸೊಂಟದ ಪಟ್ಟಿ. ಮಿಕ್ಕಿದ್ದು ಒರೆಸೋ ಬಟ್ಟೆಗೆ.

– ಅಯ್ಯೋ, ಅರ್ಧಕ್ಕರ್ಧ ಹೋಯ್ತಲ್ಲ!

– ಹೋಗುತ್ತೆ. ಪೌಚಿಗೆ 12 ಇಂಚು ಅಗಲ, 8 ಇಂಚು ಎತ್ತರದ ಎರಡು ತುಂಡು ಬೇಕು. ಪ್ಯಾಂಟಿನ ಕಾಲು ಅಷ್ಟು ಅಗಲ ಎಲ್ಲಿರುತ್ತೆ? ಕಾಲಿನ ಉದ್ದಕ್ಕೆ 12 ಇಟ್ಟುಕೊಂಡು, ಅಡ್ಡಕ್ಕೆ 8 ತಗೀಬೇಕು. ಒಂದೊಂದು ಕಾಲಿನ ಹಿಂದೆ ಮುಂದೆ ಸೇರಿ ಎರಡು ತುಂಡು, ಎರಡು ಕಾಲಿಗೆ ನಾಲ್ಕು. ಅಂದರೆ ಒಂದು ಪ್ಯಾಂಟಿಗೆ ಎರಡು ಪೌಚ್. ಈಗಿನ ಹುಡುಗರು ಹಾಕೋ ಬಿಗಿ ಪ್ಯಾಂಟಾದರೆ ಅದೂ ಬರಲ್ಲ.

– ಬಟ್ಟೆ ಗಟ್ಟಿ ಇದೆಯೋ ಇಲ್ಲವೋ ಅಂತ ಹೇಗೆ ನೋಡ್ತೀರ?

– ಎರಡು ಹೆಬ್ಬೆರಳು ಹತ್ತಿರ ಹತ್ತಿರ ಇಟ್ಟು ಹೀಗೆ ಜಗ್ಗೋದು. ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ. ಎಳೆ ಸರಿದು ಜಾಗ ಬಿಟ್ಟರೆ ಆ ಬಟ್ಟೆ ಹೊಲಿಗೆ ತಡೆಯಲ್ಲ, ಹೊಲಿಗೆ ಇದ್ದಹಾಗೇ ಇರುತ್ತೆ, ಪಕ್ಕದಲ್ಲಿ ಬಟ್ಟೆ ಕಿತ್ತುಕೊಂಡು ಬರುತ್ತೆ. ತಗೊಳ್ಳಿ, ಅಮ್ಮನ ಈ ಸೀರೆಯನ್ನ ನೀವೇ ಜಗ್ಗಿ ನೋಡಿ.

– ಅಯ್ಯೋ, ಪಟ್ ಅಂತು!

– ಮಡಿಕೆ ಬಿದ್ದ ಗೆರೆ ಅದು. ರೇಷ್ಮೆ ಸೀರೆಯನ್ನ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಬೀರುವಿನಲ್ಲಿಟ್ಟರೆ ಹೀಗೇ ಆಗೋದು. ಮಡಿಕೆ ಬದಲಾಯಿಸ್ತಾ ಇರಿ ಅಂತ ಹಿರಿಯರು ಹೇಳ್ತಿದ್ದದ್ದು ಸುಮ್ಮನೆ ಅಲ್ಲ. ಇದನ್ನ ಒಂಟಿಯಾಗಿ ಹೊಲಿಯೋಕೆ ಆಗಲ್ಲ. ಹಿಂದೆ ಅಂಟು ಕ್ಯಾನ್ವಾಸ್ ಇಸ್ತ್ರಿಯಲ್ಲಿ ಅಂಟಿಸಿ, ಪೌಚಿನ ಮೇಲ್ಭಾಗದಲ್ಲಿ ಒಂದು ಪಟ್ಟಿಯಾಗಿ ಕೂರಿಸಬಹುದು. ಅಲ್ಲಿ ಜಗ್ಗಾಟ ಇಲ್ಲ. ಅಂದಹಾಗೆ ಇದು ಮೈಸೂರು ಸಿಲ್ಕಾ?

– ಹೌದು, ಅಮ್ಮನ ಮದುವೆಯದ್ದು. ಇಲ್ಲಿ ನಮ್ಮೂರ ಫ್ಯಾಕ್ಟರಿಯದೇ. ಮಹಾರಾಜರ ಕಾಲದಲ್ಲಿ, 1912ರಲ್ಲಿ ಶುರುವಾದದ್ದು.

– ಹಾಗಾದರೆ ಜರಿ ಅಂಚಿಗೆ ಕತ್ತರಿ ಹಾಕೋಕೆ ಮುಂಚೆ ಅಮ್ಮನ್ನ ಒಂದು ಮಾತು ಕೇಳಿ. ಅದು ಅಸಲಿ ಜರಿ, ಒಳಗೆ ಬೆಳ್ಳಿ ಇರುತ್ತೆ, ಮೇಲೆ ಚಿನ್ನದ ಲೇಪ. ‘ಹಳೇ ರೇಷ್ಮೆ ಸೀರೆ ತಗೋತೀವಿ’ ಅಂತ ಬೀದಿಯಲ್ಲಿ ಕೂಗಿಕೊಂಡು ಬರ್ತಾರಲ್ಲ, ಅವರು ಬರೋದು ಆ ಬೆಳ್ಳಿಗೇ. ಎರಡನೇ ಸೀರೆ ಕೊಡಿ ಇಲ್ಲಿ. ಹೂಂ... ಒಂದೆರಡು ಎಳೆ ಕಿತ್ತುಕೋತೀನಿ, ಬೇಜಾರಿಲ್ಲ ತಾನೆ?

– ಬೆಂಕಿಪೊಟ್ಟಣ ಯಾಕೆ ತಗೊಂಡ್ರಿ?

– ನೋಡ್ತಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತಗಿನ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗೋ ಕರಕಲು. ಇದು ನೋಡಿ, ಕರಗಿ ಗಟ್ಟಿ ಗುಂಡಾಯ್ತು. ಇದು ಪಾಲಿಯೆಸ್ಟರ್ ಮೇಡಂ.

– ಅಮ್ಮ ಇದನ್ನ ರೇಷ್ಮೆ ಅಂತಲೇ ಇಪ್ಪತ್ತು ವರ್ಷ ಜೋಪಾನ ಮಾಡಿದಾರೆ!

– ಅವರಿಗೆ ಹೇಳೋಕೆ ಹೋಗಬೇಡಿ. ಆದರೆ ಒಂದು ವಿಷಯ, ಪೌಚಿಗೆ ಇದೇ ವಾಸಿ. ಹರಿಯಲ್ಲ, ಬಣ್ಣ ಬಿಡಲ್ಲ, ಮಳೆಯಲ್ಲಿ ನೆನೆದರೂ ಬೇಗ ಒಣಗುತ್ತೆ.

– ಒಂದು ಮಾತು ಕೇಳ್ತೀನಿ ಮಾಸ್ಟ್ರೇ. ಪಾಲಿಯೆಸ್ಟರ್ ಅಂದರೆ ಪ್ಲಾಸ್ಟಿಕ್ಕೇ. ನಾವು ಪರಿಸರ ಅಂತ ಹೊರಟು ಅದನ್ನೇ ಹೊಲಿದರೆ ಹೇಗೆ?

– ಈ ಸೀರೆ ಆಗಲೇ ಹುಟ್ಟಿಬಿಟ್ಟಿದೆಯಲ್ಲಮ್ಮ. ಇದನ್ನ ಬೇಡ ಅಂದರೆ ಅದೇನು ನೂಲಾಗಿ ಹಿಂದಕ್ಕೆ ಹೋಗುತ್ತಾ? ಹೋದರೆ ಕಸದ ಗುಡ್ಡಕ್ಕೆ. ಕೈಯಲ್ಲಿದ್ದರೆ ಇನ್ನೊಂದಿಷ್ಟು ವರ್ಷ ಕೆಲಸ ಮಾಡುತ್ತೆ. ಹೊಸದಾಗಿ ಪಾಲಿಯೆಸ್ಟರ್ ತಂದು ಹೊಲಿ ಅಂದಿದ್ದರೆ ನಿಮ್ಮ ಮಾತು ಸರಿ.

– ಈಗ ಬಾಟಲಿಯಿಂದಲೂ ಬಟ್ಟೆ ಮಾಡ್ತಾರಲ್ಲ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇಂಧನ ಸಪ್ತಾಹ ಆದಾಗ ಪ್ರಧಾನಿಗೆ ಅಂಥದ್ದೊಂದು ನೀಲಿ ಜಾಕೆಟ್ ಕೊಟ್ಟಿದ್ದರು. ಎರಡು ದಿನ ಬಿಟ್ಟು ಅದನ್ನೇ ಹಾಕಿಕೊಂಡು ಸಂಸತ್ತಿಗೆ ಹೋಗಿದ್ದರು, ಫೋಟೋ ಎಲ್ಲ ಕಡೆ ಬಂದಿತ್ತು.

– ಬಟ್ಟೆ ಚೆನ್ನಾಗಿರುತ್ತೆ, ನಾನೂ ಕತ್ತರಿಸಿದೀನಿ. ಆದರೆ ಅದು ಯಂತ್ರದ ಕೆಲಸ, ಬಾಟಲಿ ತೊಳೆದು, ಚೂರು ಮಾಡಿ, ಕರಗಿಸಿ, ಎಳೆ ತೆಗೀಬೇಕು. ನಮ್ಮ ಹಂಗಿಲ್ಲ.

– ಅದರ ಬಗ್ಗೆ ಇನ್ನೊಂದು ತಕರಾರಿದೆ. ಬಾಟಲಿ ಮತ್ತೆ ಬಾಟಲಿಯೇ ಆದರೆ ಇನ್ನಷ್ಟು ಸುತ್ತು ತಿರುಗಬಹುದು. ಬಟ್ಟೆ ಆಯ್ತು ಅಂದರೆ, ಅದಕ್ಕೆ ಹತ್ತಿ ಬೆರೆಸಿ, ಬಣ್ಣ ಹಾಕಿ, ಜಿಪ್ ಹಚ್ಚಿ... ಅಲ್ಲಿಂದ ಮುಂದಕ್ಕೆ ದಾರಿ ಕಷ್ಟ. ಹಳೇ ಬಟ್ಟೆಯನ್ನ ಮತ್ತೆ ನೂಲು ಮಾಡೋದಂತೂ ಬೇರೆಯೇ ಕಥೆ. ಪಾಣಿಪತ್‌ನಲ್ಲಿ ಅದೇ ದೊಡ್ಡ ಉದ್ಯಮ. ಹೊರದೇಶದಿಂದ ಬಂದ ಹಳೇ ಸ್ವೆಟರು, ಕೋಟುಗಳ ಗುಂಡಿ ಜಿಪ್ ಎಲ್ಲ ಕಿತ್ತು, ಕೆಂಪು ಒಂದು ಕಡೆ, ನೀಲಿ ಒಂದು ಕಡೆ ಅಂತ ಗುಡ್ಡೆ ಹಾಕ್ತಾರೆ. ಆಮೇಲೆ ಚಿಂದಿ ಮಾಡಿ, ನಾರು ಬಿಡಿಸಿ, ನೂಲು ತೆಗೆದು ಕಂಬಳಿ ನೇಯ್ತಾರೆ. ಬಣ್ಣ ಬಣ್ಣ ಬೇರೆ ಮಾಡೋದು ಯಾಕೆ ಅಂದರೆ, ಮತ್ತೆ ಬಣ್ಣ ಹಾಕೋ ಖರ್ಚೇ ಉಳಿಯುತ್ತೆ.

– ಆದರೆ ಕಿತ್ತಾಗ ನಾರು ತುಂಡಾಗುತ್ತಲ್ಲ. ಹತ್ತಿಯಲ್ಲೂ ಅದೇ ಪಾಡು. ನಾರು ಗಿಡ್ಡ ಆದಷ್ಟೂ ನೂಲು ಬಲಹೀನ, ಹಾಗಾಗಿ ಹೊಸ ಹತ್ತಿಯನ್ನೋ ಪಾಲಿಯೆಸ್ಟರನ್ನೋ ಬೆರೆಸಲೇಬೇಕು. ಬಟ್ಟೆಯನ್ನ ಬಟ್ಟೆಯಾಗೇ ಬಳಸಿದರೆ ಆ ತೊಂದರೆ ಇಲ್ಲ. ನೇಯ್ದವನ ಶ್ರಮ, ಬಣ್ಣ ಹಾಕಿದವನ ಶ್ರಮ ಹಾಗೇ ಉಳಿಯುತ್ತೆ. ಬೇಕಾಗಿರೋದು ಒಂದು ಕತ್ತರಿ, ಒಂದು ಮಿಷನ್ನು, ಸ್ವಲ್ಪ ತಾಳ್ಮೆ.

– ಮತ್ತೆ ಆ ತಾಳ್ಮೆಗೆ 60 ರೂಪಾಯಿ ಸಾಲದು ಅಂತೀರ.

– ನೀವೇ ಬಾಯಿಬಿಟ್ಟಿರಿ. ಹೇಳ್ತೀನಿ ಕೇಳಿ. ಈ ಅಂಗಡಿ ಹಾಕೋಕೆ ಮುಂಚೆ ನಾನು ಬೆಂಗಳೂರಿನ ಪೀಣ್ಯದಲ್ಲಿ ಗಾರ್ಮೆಂಟ್ಸಿನಲ್ಲಿ ಕಟಿಂಗ್ ಸೆಕ್ಷನ್ನಿನಲ್ಲಿದ್ದೆ. ಅಲ್ಲಿ ಏನು ಮಾಡ್ತೀವಿ ಅಂದರೆ, ಉದ್ದದ ಟೇಬಲ್ ಮೇಲೆ ಥಾನು ಬಿಚ್ಚಿ ಒಂದರ ಮೇಲೊಂದು ಹಾಸ್ತೀವಿ. ‘ಲೇ’ ಅಂತೀವಿ ಅದಕ್ಕೆ. ತೆಳು ಬಟ್ಟೆಯಾದರೆ ನೂರು ಪದರದವರೆಗೂ ಹೋಗುತ್ತೆ. ಮೇಲೆ ಮಾರ್ಕರ್ ಕಾಗದ ಇಟ್ಟು ನೈಫ್ ಓಡಿಸಿದರೆ, ಒಂದೇ ಏಟಿಗೆ ನೂರು ಕಾಲರ್, ನೂರು ತೋಳು. ಆಮೇಲೆ ಲೈನಿನಲ್ಲಿ ಒಬ್ಬಳು ಹೆಣ್ಣುಮಗಳು ದಿನವಿಡೀ ಕಾಲರೇ ಹೊಲೀತಾಳೆ, ಇನ್ನೊಬ್ಬಳು ದಿನವಿಡೀ ಜೇಬೇ. ಹಾಗಾಗಿ ಪೀಸಿಗೆ ಕೂಲಿ ಅಷ್ಟು ಕಮ್ಮಿ ಬೀಳುತ್ತೆ. ಅವರಿಗೆ ಸಿಗೋದೂ ಅಷ್ಟೇ ಕಮ್ಮಿ, ಆ ಮಾತು ಬೇರೆ.

– ಇಲ್ಲಿ?

– ಇಲ್ಲಿ ಒಂದೇ ಪದರ. ಪ್ರತಿ ಪ್ಯಾಂಟನ್ನೂ ಕೈಗೆ ತಗೊಂಡು, ಬೆಳಕಿಗೆ ಹಿಡಿದು, ಎಲ್ಲಿ ಜಾಳು, ಎಲ್ಲಿ ಕಲೆ ಅಂತ ನೋಡಿ, ಹೊಲಿಗೆ ಬಿಚ್ಚಿ, ಇಸ್ತ್ರಿ ಹಾಕಿ, ಆಮೇಲೆ ಕತ್ತರಿ. ಥಾನಿನಲ್ಲಿ ಹತ್ತು ನಿಮಿಷಕ್ಕೆ ನೂರು ಪೀಸ್ ಕತ್ತರಿಸೋನು ಇಲ್ಲಿ ಒಂದಕ್ಕೇ ಅಷ್ಟು ಹೊತ್ತು ತಗೋತಾನೆ. ಬಟ್ಟೆ ಪುಕ್ಕಟೆ ಅಂದಿರಿ. ಪುಕ್ಕಟೆ ಬಟ್ಟೆಯಷ್ಟು ದುಬಾರಿ ಬಟ್ಟೆ ಇನ್ನೊಂದಿಲ್ಲ ಮೇಡಂ, ಕೂಲಿಯಲ್ಲಿ ಎಲ್ಲ ವಸೂಲಿ ಮಾಡುತ್ತೆ.

– ಗಾರ್ಮೆಂಟ್ಸಿನ ಚೂರು ತಂದರೆ? ಅದು ಹೊಸ ಬಟ್ಟೆ, ಕಲೆ ಇಲ್ಲ, ಸವೆತ ಇಲ್ಲ.

– ತರಬಹುದು. ಮಾರ್ಕರ್ ಎಷ್ಟು ಚೆನ್ನಾಗಿ ಕೂತರೂ ನೂರಕ್ಕೆ ಹತ್ತು ಹದಿನೈದು ಭಾಗ ಚಿಂದಿಗೆ ಹೋಗೇ ಹೋಗುತ್ತೆ. ಕಂಕುಳ ಸುತ್ತು, ಕುತ್ತಿಗೆ ಸುತ್ತು, ಇವಕ್ಕೆ ಜೋಡಿ ಆಕಾರ ಸಿಗಲ್ಲ. ಆ ಚಿಂದಿಯನ್ನ ಕೇಜಿ ಲೆಕ್ಕದಲ್ಲಿ ಕೊಂಡುಹೋಗ್ತಾರೆ. ಬನಿಯನ್ ಬಟ್ಟೆ ಗ್ಯಾರೇಜಿಗೆ, ಗ್ರೀಸ್ ಒರೆಸೋಕೆ. ಉದ್ದದ ಪಟ್ಟಿ ಕಾಲೊರೆಸಿಗೆ. ತೀರ ಚೂರು ದಿಂಬು ಹಾಸಿಗೆ ತುಂಬೋಕೆ. ನಿಮಗೆ ಬೇಕಾಗಿರೋದು ಥಾನಿನ ಕೊನೆಯ ತುಂಡು, ಎಂಡ್ ಬಿಟ್ ಅಂತೀವಿ. ಒಂದು ಗಜ ಅರ್ಧ ಗಜ ಇರುತ್ತೆ. ಒಳಗಿನ ಲೈನಿಂಗಿಗೆ ಅದೇ ಸರಿ.

– ಲೈನಿಂಗ್ ಬೇಕೇ ಬೇಕಾ? ಬಿಟ್ಟರೆ ಖರ್ಚು ಉಳಿಯಲ್ವಾ?

– ಬಿಟ್ಟರೆ ಒಳಗೆ ಹೊಲಿಗೆಯ ಅಂಚು ಕಾಣುತ್ತೆ, ಎಳೆ ಬಿಚ್ಚಿ ಬಿಚ್ಚಿ ಜಿಪ್ಪಿಗೆ ಸಿಕ್ಕಿಹಾಕಿಕೊಳ್ಳುತ್ತೆ. ಎರಡು ತಿಂಗಳಿಗೆ ನಿಮ್ಮ ಗಿರಾಕಿ ಬೈಕೋತಾಳೆ.

– ಅದು ನಿಜ. ಹೋದ ವರ್ಷ ಒಂದು ಅಂಗಡಿಯಲ್ಲಿ ಪರಿಸರಸ್ನೇಹಿ ಅಂತ ದೊಡ್ಡದಾಗಿ ಬರೆದಿದ್ದ ಪೌಚ್ ತಗೊಂಡಿದ್ದೆ. ಒಂದು ತಿಂಗಳಿಗೆ ಕೈಪಟ್ಟಿ ಕಿತ್ತುಬಂತು. ಅದರ ಮೇಲೆ ಮರದ ಚಿತ್ರ ಬೇರೆ ಇತ್ತು.

– ಕೈಪಟ್ಟಿ ಕಿತ್ತುಬಂತು ಅಂದರೆ ಹೊಲಿಗೆಯ ಒಳಗೆ ಅರ್ಧ ಇಂಚೂ ಬಿಟ್ಟಿಲ್ಲ. ಪಟ್ಟಿಯ ತುದಿ ಒಂದಿಂಚು ಒಳಗೆ ಹೋಗಬೇಕು, ಅದರ ಮೇಲೆ ಮುಂದಕ್ಕೆ ಹಿಂದಕ್ಕೆ ಮೂರು ಸಲ ಮಿಷನ್ ಓಡಿಸಬೇಕು. ಹಳೇ ಬಟ್ಟೆ ಅಂತ ಹೇಳಿಬಿಟ್ಟರೆ ಹೊಲಿಗೆ ಹೇಗಿದ್ದರೂ ನಡೆಯುತ್ತೆ ಅಂದುಕೊಂಡವರೇ ಈ ಧಂದೆಯನ್ನ ಕೆಡಿಸಿರೋದು. ನನ್ನನ್ನ ಕೇಳಿದರೆ, ಅಯ್ಯೋ ಪಾಪ ಅಂತ ಕೊಂಡವರು ಒಂದು ಸಲ ಕೊಳ್ತಾರೆ, ಬೀರುವಿನಲ್ಲಿಡ್ತಾರೆ. ಚೆನ್ನಾಗಿದೆ ಅಂತ ಕೊಂಡವರು ದಿನಾ ಹಿಡೀತಾರೆ.

– ನೀವು ಹೇಳೋದನ್ನೇ ಸ್ವಿಟ್ಜರ್ಲೆಂಡಿನ ಇಬ್ಬರು ಅಣ್ಣತಮ್ಮಂದಿರು ಮಾಡಿ ತೋರಿಸಿದಾರೆ. ಜೂರಿಕ್‌ನಲ್ಲಿ, 1993ರಲ್ಲಿ. ಮಾರ್ಕಸ್ ಮತ್ತೆ ಡೇನಿಯಲ್ ಫ್ರೈಟಾಗ್ ಅಂತ. ಸೈಕಲ್‌ನಲ್ಲಿ ಓಡಾಡುವಾಗ ಮಳೆಗೆ ನೆನೆಯದ ಚೀಲ ಬೇಕಿತ್ತು ಅವರಿಗೆ. ಹೆದ್ದಾರಿಯಲ್ಲಿ ಹೋಗೋ ಲಾರಿಗಳ ಹಳೇ ಟಾರ್ಪಾಲು, ಕಾರಿನ ಸೀಟ್ ಬೆಲ್ಟು, ಸೈಕಲ್ಲಿನ ಹಳೇ ಟ್ಯೂಬು, ಈ ಮೂರರಲ್ಲೇ ಚೀಲ ಹೊಲಿದರು. ಅವರ ಒಂದು ಚೀಲ ಈಗ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ.

– ಟಾರ್ಪಾಲಿನಲ್ಲಾ! ಸೂಜಿ ಎಷ್ಟು ಮುರಿದವೋ ಏನೋ. ನೋಡಿ, ಅವರು ಲಾರಿ ಮೇಲೆ ಕನಿಕರಪಟ್ಟು ಶುರುಮಾಡಲಿಲ್ಲ. ಮಳೆ ಬಿತ್ತು, ಚೀಲ ಬೇಕಾಯ್ತು.

– ಮತ್ತೆ ಒಂದರಂತೆ ಇನ್ನೊಂದಿಲ್ಲ. ಟಾರ್ಪಾಲಿನ ಮೇಲಿದ್ದ ಅಕ್ಷರದ ತುಂಡು ಯಾವ ಚೀಲಕ್ಕೆ ಎಲ್ಲಿ ಬರುತ್ತೋ ಅದೇ ಅದರ ಅಂದ.

– ಅದು ನಮ್ಮಲ್ಲೂ ಇತ್ತಲ್ಲ. ನಮ್ಮಜ್ಜಿ ಸೊಂಟಕ್ಕೆ ಒಂದು ಎಲೆಅಡಿಕೆ ಸಂಚಿ ಸಿಕ್ಕಿಸಿಕೊಂಡಿರೋದು. ಅಂಗಡಿಯಲ್ಲಿ ಕೊಂಡದ್ದಲ್ಲ, ಊರಿನ ದರ್ಜಿ ಹೊಲಿದುಕೊಟ್ಟದ್ದು, ಮಿಕ್ಕ ಬಟ್ಟೆಯಲ್ಲಿ. ಹೊರಗಡೆ ಕೆಂಪು, ಬಿಚ್ಚಿದರೆ ಒಳಗೆ ಒಂದೊಂದು ಪದರಕ್ಕೂ ಒಂದೊಂದು ಬಣ್ಣ. ಎಲೆಗೆ ಒಂದು, ಅಡಿಕೆಗೆ ಒಂದು, ಹೊಗೆಸೊಪ್ಪಿಗೆ ಒಂದು, ಸುಣ್ಣದ ಡಬ್ಬಿಗೆ ಚಿಕ್ಕದೊಂದು, ಎಲ್ಲಕ್ಕಿಂತ ಒಳಗೆ ದುಡ್ಡಿಗೆ. ಎರಡೂ ಕಡೆ ದಾರ ಎಳೆದರೆ ಬಾಯಿ ಮುಚ್ಚುತ್ತೆ. ಜಿಪ್ ಇಲ್ಲ, ಗುಂಡಿ ಇಲ್ಲ. ಕತ್ತಲಲ್ಲಿ ಕೈ ಹಾಕಿದರೂ ಬೇಕಾದದ್ದೇ ಸಿಗೋದು ಅವಳಿಗೆ.

– ಆ ಸಂಚಿಯಲ್ಲಿ ಬಣ್ಣ ಬೇರೆ ಬೇರೆ ಇದ್ದದ್ದು ಬರೀ ಅಂದಕ್ಕಲ್ಲ ಅನ್ಸುತ್ತೆ. ಯಾವ ಪದರ ಯಾವುದಕ್ಕೆ ಅಂತ ಕಣ್ಣಿಗೆ ಗೊತ್ತಾಗೋಕೆ.

– ಇರಬಹುದು. ಇಲ್ಲಾಂದರೆ ಒಂದೇ ಬಣ್ಣದ ತುಂಡು ಅಷ್ಟು ಸಿಕ್ಕಿರಲಿಕ್ಕಿಲ್ಲ. ಬಡವರ ಮನೆಯಲ್ಲಿ ಎರಡೂ ಒಟ್ಟಿಗೇ ನಡೆಯುತ್ತೆ.

– ಉತ್ತರ ಕರ್ನಾಟಕದ ಕೌದಿಯಲ್ಲೂ ಹಾಗೇ. ಹಳೇ ಸೀರೆ, ಧೋತರ, ಅಂಗಿ, ಎಲ್ಲ ಪದರ ಪದರವಾಗಿ ಸೇರಿಸಿ ಕೈಹೊಲಿಗೆ. ನಾನು ಯಲ್ಲಾಪುರದ ಕಡೆ ಸಿದ್ದಿ ಹೆಂಗಸರ ಕೌದಿ ನೋಡಿದ್ದೆ. ಅವರು ಅಂಚಿನಿಂದ ಶುರುಮಾಡಿ ಸುತ್ತ ಹೊಲೀತಾ ನಡುವಿಗೆ ಬರ್ತಾರೆ. ನಾಲ್ಕು ಮೂಲೆಗೂ ಬಟ್ಟೆಯನ್ನ ತ್ರಿಕೋನವಾಗಿ ಮಡಚಿ ಮಡಚಿ ಒಂದು ಹೂವು ಇಡ್ತಾರೆ. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಅಂತೆ. ಪೌಚಿಗೂ ಅಂಥದ್ದೇ ಬೇಕು ಅನ್ಸುತ್ತೆ, ಹತ್ತು ಹನ್ನೆರಡು ಬಣ್ಣದ ತುಂಡು ಸೇರಿಸಿ...

– ಬೇಡ ಮೇಡಂ.

– ಯಾಕೆ?

– ಕೌದಿ ಐದಾರು ಅಡಿ ಉದ್ದ. ಅಲ್ಲಿ ಐವತ್ತು ಬಣ್ಣ ಇದ್ದರೂ ಒಂದಕ್ಕೊಂದು ಜಾಗ ಇದೆ. ಇದು ಅಂಗೈ ಎರಡರಷ್ಟು. ಇಷ್ಟರಲ್ಲಿ ಹನ್ನೆರಡು ತುಂಡು ಸೇರಿಸಿದರೆ ಬರೀ ಗಲಾಟೆ. ಮೇಲಾಗಿ ಜೋಡಣೆ ಒಂದೊಂದಕ್ಕೂ ಒಳಗೆ ಎರಡು ಪದರ ಅಂಚು ಕೂರುತ್ತೆ, ದಪ್ಪ ಆಗಿ ಚೀಲ ಸೊಟ್ಟಗೆ ನಿಲ್ಲುತ್ತೆ. ನನ್ನ ಕೇಳಿದರೆ ಎರಡೇ ಬಟ್ಟೆ. ಕೆಳಗೆ ಜೀನ್ಸು, ಮೇಲೆ ನಾಲ್ಕು ಬೆರಳಷ್ಟು ಆ ಸೀರೆ ಅಥವಾ ಖಣ. ನಿಮ್ಮ ಹತ್ತಿರ ಖಣದ ತುಂಡಿದೆಯಾ?

– ಗುಳೇದಗುಡ್ಡದ್ದು ಒಂದು ಹಳೇ ಕುಪ್ಪಸ ಇದೆ.

– ಅದು ತನ್ನಿ. ಖಣ ಒತ್ತಾದ ನೇಯ್ಗೆ, ಕಂಕುಳ ಕಡೆ ಬಿಟ್ಟು ಬೆನ್ನಿನ ಭಾಗ ತಗೊಂಡರೆ ಇನ್ನೂ ಗಟ್ಟಿ ಇರುತ್ತೆ. ಮಾಸಿದ ನೀಲಿ ಜೀನ್ಸಿನ ಮೇಲೆ ಕಡುಕೆಂಪು ಖಣ ಕೂರಿಸಿದರೆ ಯಾರೂ ಇದು ಹಳೇದಾ ಅಂತ ಕೇಳಲ್ಲ, ಎಲ್ಲಿ ಸಿಕ್ಕಿತು ಅಂತ ಕೇಳ್ತಾರೆ.

– ಇದು ಒಪ್ಪಿದೆ. ಒಳಗಡೆ?

– ಒಳಗೆ ಈ ಶರ್ಟು. ತಿಳಿ ಬಣ್ಣದ್ದೇ ಆಗಬೇಕು. ಕಪ್ಪು ಲೈನಿಂಗ್ ಹಾಕಿದರೆ ಕೀ ಹುಡುಕೋಕೆ ಟಾರ್ಚ್ ಬೇಕು. ಮತ್ತೆ ನೋಡಿ, ಶರ್ಟಿನ ಎದೆ ಜೇಬನ್ನ ಬಿಚ್ಚೋದೇ ಬೇಡ. ಜೇಬು ಇರೋ ಭಾಗವನ್ನೇ ಲೈನಿಂಗಿಗೆ ಕತ್ತರಿಸಿದರೆ ಒಳಜೇಬು ತಾನಾಗೇ ಬಂತು. ಕಾರ್ಡು, ಬಸ್ ಪಾಸು ಇಡೋಕೆ. ಎಂಡ್ ಬಿಟ್ ತಂದರೆ ಮಾತ್ರ ಮೊದಲು ನೀರಿಗೆ ಹಾಕಿ ಒಣಗಿಸಿ. ಹೊಸ ಹತ್ತಿ ಒಗೆದಾಗ ಕುಗ್ಗುತ್ತೆ. ಒಳಗಿನದು ಕುಗ್ಗಿ ಹೊರಗಿನದು ಕುಗ್ಗದೇ ಇದ್ದರೆ ಪೌಚ್ ಸುಕ್ಕುಗಟ್ಟಿಕೊಳ್ಳುತ್ತೆ. ಹಳೇ ಶರ್ಟಿಗೆ ಆ ಭಯ ಇಲ್ಲ, ಕುಗ್ಗೋದೆಲ್ಲ ಆಗಲೇ ಕುಗ್ಗಿರುತ್ತೆ.

– ಹಳೇದರಲ್ಲಿ ಒಂದು ಲಾಭ ಅಂತೂ ಸಿಕ್ಕಿತು! ಜಿಪ್ಪು?

– ಜಿಪ್ ಹೊಸದು. ಅದರಲ್ಲಿ ಮಾತಿಲ್ಲ. ಹಳೇ ಪ್ಯಾಂಟಿನ ಜಿಪ್ ಕಿತ್ತು ಹಾಕಿ ಅಂತ ಕೆಲವರು ಬರ್ತಾರೆ, ನಾನು ಮಾಡಲ್ಲ. ಚೀಲದಲ್ಲಿ ಮೊದಲು ಸಾಯೋದೇ ಜಿಪ್ಪು. 5 ನಂಬರಿನ ನೈಲಾನ್ ರೋಲ್ ಜಿಪ್ ಹಾಕ್ತೀನಿ. 3 ನಂಬರ್ ಸಣ್ಣದು, ದಿನಕ್ಕೆ ಹತ್ತಾರು ಸಲ ಎಳೆದರೆ ತಡೆಯಲ್ಲ. ರೋಲಿನಲ್ಲಿ ತಗೊಂಡರೆ ಮೀಟರ್ ಲೆಕ್ಕ, ರನ್ನರ್ ಬೇರೆ ಸಿಗುತ್ತೆ. ಜಿಪ್ಪಿನ ಎರಡು ತುದಿಗೂ ಬಟ್ಟೆಯ ಚಿಕ್ಕ ಕಿವಿ ಕೊಡಬೇಕು. ಅದಿಲ್ಲದೆ ಜಿಪ್ಪನ್ನೇ ಪಕ್ಕದ ಹೊಲಿಗೆಗೆ ತಗೊಂಡುಹೋದರೆ ಮೂಲೆ ಸೊಟ್ಟಗಾಗಿ ಗುಬುಟು ಬೀಳುತ್ತೆ. ಯಾವ ಪೌಚಾದರೂ ಮೂಲೆ ನೋಡಿ, ಹೊಲಿದವನು ಎಂಥವನು ಅಂತ ಗೊತ್ತಾಗುತ್ತೆ.

– ಜೀನ್ಸಿನ ಪಕ್ಕದ ಹೊಲಿಗೆ ದಪ್ಪ ಇರುತ್ತಲ್ಲ, ಅದರ ಮೇಲೆ ಮಿಷನ್ ಓಡುತ್ತಾ?

– ಸುತ್ತಿಗೆ ಇದೆ.

– ಸುತ್ತಿಗೆ?

– ನಾಲ್ಕು ಪದರ ಆರು ಪದರ ಸೇರೋ ಕಡೆ ಮೊದಲು ಸುತ್ತಿಗೆಯಲ್ಲಿ ನಾಲ್ಕೇಟು ಹಾಕಿ ಚಪ್ಪಟೆ ಮಾಡ್ತೀವಿ. ಆಮೇಲೆ 18 ನಂಬರ್ ಸೂಜಿ. ಮೋಟಾರ್ ಬಿಟ್ಟು, ಆ ಅರ್ಧ ಇಂಚನ್ನ ಕೈಯಲ್ಲಿ ಚಕ್ರ ತಿರುಗಿಸಿ ದಾಟಿಸೋದು. ಆಗ ಸೂಜಿ ಉಳಿಯುತ್ತೆ. ಇನ್ನು ತಳ. ಕೆಳಗಿನ ಎರಡು ಮೂಲೆಯಲ್ಲಿ ಒಂದೊಂದಿಂಚು ಚೌಕ ತೆಗೆದು ಅಡ್ಡ ಹೊಲಿಗೆ ಹಾಕಿದರೆ ಎರಡಿಂಚು ತಳ ಬರುತ್ತೆ, ಮೇಜಿನ ಮೇಲೆ ಇಟ್ಟರೆ ತಾನೇ ಕೂರುತ್ತೆ. ಅದಕ್ಕೇ 12 ಇಂಚು ಕೇಳಿದ್ದು. ಹೊಲಿಗೆಗೆ ಒಂದು, ತಳಕ್ಕೆ ಎರಡು ಹೋಗಿ 9 ಉಳಿಯುತ್ತೆ. ಈಗಿನ ಫೋನು ಆರೂವರೆ ಇಂಚು, ಆರಾಮಾಗಿ ಮಲಗುತ್ತೆ.

– ಒಳಗೆ ಹೊರಗೆ ಎಲ್ಲ ಸೇರಿಸಿ ಹೊಲಿದು ಕೊನೆಗೆ ತಿರುವಿ ಹಾಕ್ತೀರಲ್ಲ, ಅದು ನನಗೆ ಯಾವತ್ತೂ ಅರ್ಥ ಆಗಿಲ್ಲ.

– ಲೈನಿಂಗಿನ ತಳದಲ್ಲಿ ನಾಲ್ಕು ಬೆರಳು ಹೊಲಿಯದೆ ಬಿಟ್ಟಿರ್ತೀವಿ, ಅಲ್ಲಿಂದ ಎಳೆದು ತಿರುವೋದು. ಅದಕ್ಕೆ ಮುಂಚೆ ಜಿಪ್ ಅರ್ಧ ತೆಗೆದಿಟ್ಟಿರಬೇಕು. ಮುಚ್ಚಿಬಿಟ್ಟು ಸುತ್ತ ಹೊಲಿದರೆ ತಿರುವೋಕೆ ದಾರಿ ಇಲ್ಲ, ಬಿಚ್ಚಲೇಬೇಕು. ಕಲಿಯೋ ಹುಡುಗರೆಲ್ಲ ಒಂದು ಸಲ ಅಲ್ಲಿ ಸಿಕ್ಕಿಬೀಳ್ತಾರೆ.

– ಇಷ್ಟೆಲ್ಲ ಕೇಳಿದಮೇಲೆ 60 ಅಂತ ಹೇಳೋಕೆ ನನಗೇ ನಾಚಿಕೆ.

– ಲೈನಿಂಗ್ ಬ್ಲೌಸಿಗೆ ಈ ಬೀದಿಯಲ್ಲೇ 400 ಕೊಡ್ತೀರ, ಚೌಕಾಸಿ ಮಾಡಲ್ಲ. ಇದರಲ್ಲಿ ಅದರ ಅರ್ಧದಷ್ಟು ಕೆಲಸ ಇದೆ. ಜಿಪ್ಪು, ಕ್ಯಾನ್ವಾಸು, ಕೈಪಟ್ಟಿಯ ಡಿ ರಿಂಗು ನನ್ನದೇ. ಎಲ್ಲ ಸೇರಿ 180 ಕೊಡಿ.

– ಅಂದರೆ ನಾವು 300ಕ್ಕಾದರೂ ಮಾರಬೇಕು. ಪಕ್ಕದ ಗಾಡಿಯಲ್ಲಿ ಹೊಸ ರೆಕ್ಸಿನ್ ಪೌಚ್ 120ಕ್ಕೆ ಸಿಗುತ್ತೆ. ಹಳೇ ಬಟ್ಟೆಗೆ 300 ಯಾಕೆ ಅಂತ ಕೇಳಿದರೆ?

– ನೀವು ಲೆಕ್ಚರರು, ನೀವೇ ಹೇಳಬೇಕು.

– ಲೆಕ್ಕ ಹೇಳೋದಾದರೆ ಒಂದಿದೆ. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಚೀಲಗಳ ಹುಟ್ಟು ಸಾವಿನ ಅಧ್ಯಯನ ಮಾಡಿಸಿತ್ತು. ಹೊಸ ಹತ್ತಿಯಲ್ಲಿ ಮಾಡಿದ ಚೀಲ, ಹವಾಮಾನದ ಮಟ್ಟಿಗೆ, ಒಂದು ಪ್ಲಾಸ್ಟಿಕ್ ಚೀಲಕ್ಕೆ ಸಮ ಆಗಬೇಕಾದರೆ 52 ಸಲ ಬಳಸಬೇಕು. ನೀರು, ಗಾಳಿ, ಓಝೋನ್ ಅಂತ ಎಲ್ಲ ಪರಿಣಾಮ ಸೇರಿಸಿದರೆ 7,100 ಸಲ. ಸಾವಯವ ಹತ್ತಿಯಾದರೆ 20,000!

– ದಿನಕ್ಕೊಂದು ಸಲ ಅಂದರೂ... ಏಳು ಸಾವಿರಕ್ಕೆ ಹತ್ತೊಂಬತ್ತು ವರ್ಷ ಆಯ್ತಲ್ಲ! ಹಾಗಾದರೆ ಪ್ಲಾಸ್ಟಿಕ್ಕೇ ಒಳ್ಳೇದು ಅಂತಾನಾ ಅವರು ಹೇಳೋದು?

– ಹಾಗಲ್ಲ. ಆ ಭಾರೀ ಅಂಕಿ ಬಂದದ್ದು ಓಝೋನ್ ಪದರದ ಲೆಕ್ಕ ಒಂದರಿಂದಲೇ. ಚರಂಡಿಗೆ, ಸಮುದ್ರಕ್ಕೆ, ದನದ ಹೊಟ್ಟೆಗೆ ಹೋಗೋ ಪ್ಲಾಸ್ಟಿಕ್ಕಿನ ಲೆಕ್ಕ ಅದರಲ್ಲಿ ಇಲ್ಲ. ಆದರೆ ಒಂದು ಮಾತಂತೂ ಸ್ಪಷ್ಟ. ಭಾರ ಬೀಳೋದು ಹತ್ತಿ ಬೆಳೆಯೋದರಲ್ಲಿ, ನೂಲು ಬಟ್ಟೆ ಮಾಡೋದರಲ್ಲಿ. ಸಮಾರಂಭಕ್ಕೆ ಹೋದಲ್ಲೆಲ್ಲ ಹೊಸ ಬಟ್ಟೆ ಚೀಲ ಹಂಚ್ತಾರಲ್ಲ, ಮನೆಯಲ್ಲಿ ಇಪ್ಪತ್ತು ಬಿದ್ದಿರುತ್ತೆ, ಅದೇನೂ ಉಪಕಾರ ಅಲ್ಲ. ಹಳೇ ಜೀನ್ಸಿನಲ್ಲಿ ಆ ಭಾರ ಯಾವತ್ತೋ ಆಗಿಹೋಗಿದೆ. ನಾವು ಹೊಸದಾಗಿ ಸೇರಿಸೋದು ಜಿಪ್ಪು, ದಾರ, ಕ್ಯಾನ್ವಾಸು ಮಾತ್ರ.

– ಬಟ್ಟೆ ಚೀಲ ಅಂದಿರಿ, ಈ ಬೇಕರಿಯವರು ಕೊಡೋದು?

– ಅದು ಬಟ್ಟೆಯೇ ಅಲ್ಲ, ಪಾಲಿಪ್ರೊಪಿಲೀನ್. ನೇಯ್ದದ್ದಲ್ಲ, ಎಳೆಗಳನ್ನ ಬಿಸಿಯಲ್ಲಿ ಒತ್ತಿ ಅಂಟಿಸಿದ್ದು. ಕರ್ನಾಟಕದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಚೀಲ ನಿಷೇಧ ಆಯ್ತಲ್ಲ, ಆಮೇಲೆ ಎಲ್ಲ ಅಂಗಡಿಯವರೂ ಬಟ್ಟೆ ಅಂದುಕೊಂಡು ಅದನ್ನೇ ಹಿಡಿದರು. ಕೇಂದ್ರದ ನಿಯಮದಲ್ಲಿ ಈಗ 60 ಜಿಎಸ್‌ಎಂಗಿಂತ, ಅಂದರೆ ಚದರ ಮೀಟರಿಗೆ 60 ಗ್ರಾಂಗಿಂತ ತೆಳು ಇರಬಾರದು ಅಂತ ಇದೆ.

– ಕಡ್ಡಿ ಗೀರಿದರೆ ಗೊತ್ತಾಗೋದು, ಈ ಸೀರೆಯ ಹಾಗೇ ಕರಗುತ್ತೆ. ಆಯ್ತು ಮೇಡಂ, ಆ ಡೆನ್ಮಾರ್ಕಿನ ಲೆಕ್ಕವನ್ನೆಲ್ಲ ಸಂತೆಯಲ್ಲಿ ನಿಂತು ಹೇಳೋಕೆ ಹೋಗಬೇಡಿ, ಗಿರಾಕಿ ಓಡಿಹೋಗ್ತಾರೆ. ಜಿಪ್ ಎಳೆದು ತೋರಿಸಿ. ಮೂಲೆ ತೋರಿಸಿ. ಒಳಜೇಬು ತೋರಿಸಿ. ಕೊನೆಗೆ ಬೇಕಾದರೆ ಹೇಳಿ, ಇದು ಹಳೇ ಜೀನ್ಸು ಅಂತ.

– 150 ಮಾಡಿ ಮಾಸ್ಟ್ರೇ, ಮೊದಲ ಸಲ.

– 170. ಅದರ ಮೇಲೆ ಒಂದು ರೂಪಾಯಿ ಇಳಿಸಲ್ಲ. ಮುಂದಿನ ಶುಕ್ರವಾರ ಬನ್ನಿ. ಆದರೆ ಈ ಗಂಟನ್ನ ಈಗ ವಾಪಸ್ ತಗೊಂಡು ಹೋಗಿ, ಎಲ್ಲ ಒಗೆದು ತನ್ನಿ. ಬೆವರು ಕೂತ ಬಟ್ಟೆಗೆ ಇಸ್ತ್ರಿ ಹಾಕಿದರೆ ಕಲೆ ಶಾಶ್ವತವಾಗಿ ಕಚ್ಚುತ್ತೆ. ಜೀನ್ಸ್ ಬೇರೆ ಒಗೀರಿ, ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿ. ನೀಲಿ ಇನ್ನೂ ಬಿಡ್ತಿದ್ದರೆ ಇನ್ನೊಂದು ಸಲ ಒಗೀರಿ, ಇಲ್ಲದಿದ್ದರೆ ಗಿರಾಕಿಯ ಬಿಳಿ ಚೂಡಿದಾರಕ್ಕೆ ಹತ್ತುತ್ತೆ.

– ಚೀಟಿಯ ಮೇಲೆ ಏನು ಬರೆಸೋಣ?

– ಬರೆಸೋದಾದರೆ ಇಷ್ಟು ಬರೆಸಿ. ಜಿಪ್ ಕೆಟ್ಟರೆ ಚೀಲ ಎಸೀಬೇಡಿ. ಕೆಡೋದು ಹೆಚ್ಚಾಗಿ ರನ್ನರ್ ಒಂದೇ, ಜಿಪ್ಪಿನ ಹಲ್ಲು ಚೆನ್ನಾಗೇ ಇರುತ್ತೆ. ನಿಮ್ಮೂರಿನ ಯಾವ ಟೈಲರ್ ಹತ್ತಿರ ಹೋದರೂ, ಚೀಲ ರಿಪೇರಿಯವರ ಹತ್ತಿರ ಹೋದರೂ, ಐದು ನಿಮಿಷದಲ್ಲಿ ಹೊಸ ರನ್ನರ್ ಹಾಕಿಕೊಡ್ತಾರೆ.